ಹಾಲಿಡೇ ಸದಸ್ಯತ್ವಕ್ಕೆ ಸಹಿ ಹಾಕಿದ್ದರೆ ಫೋನ್ ಮಾಡಬೇಡಿ, ಪತ್ರ ಬರೆಯಿರಿ

ಮಾಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಲಕ್ಕಿ ಡ್ರಾ ಚೀಟಿ ತುಂಬಿಕೊಟ್ಟವರಿಗೆ ಕರೆ ಬರುತ್ತದೆ: ‘ನಿಮಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬನ್ನಿ.’ ಇಬ್ಬರೂ ಬರಬೇಕೆನ್ನುವುದು ಆದರವಲ್ಲ, ಲೆಕ್ಕಾಚಾರ. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಎದ್ದು ಬರುವ ದಾರಿಯನ್ನು ಮೊದಲೇ ಮುಚ್ಚಿರುತ್ತಾರೆ. ಮೈಸೂರಿನ ನನ್ನ ಅಕ್ಕ, ಭಾವ ಹಾಗೆ ಹೋದವರು ರಾತ್ರಿ ಊಟದ ಹೊತ್ತಿಗೆ ಪ್ರತಿ ವರ್ಷ ಕೆಲವು ದಿನ ಕಂಪನಿಯ ರೆಸಾರ್ಟುಗಳಲ್ಲಿ ತಂಗುವ 25 ವರ್ಷಗಳ ಹಾಲಿಡೇ ಸದಸ್ಯತ್ವವನ್ನು ನಾಲ್ಕು ಲಕ್ಷಕ್ಕೆ ಕೊಂಡಿದ್ದರು. ಬಹುಮಾನದ ಊಟಿ ಕೂಪನ್ ಬಳಸುವುದಕ್ಕೂ ಹಣ ಕಟ್ಟಬೇಕಿತ್ತು, ಆ ಮಾತು ಬಿಡಿ.

ಯಾವಾಗ ಬೇಕಾದರೂ ಹೋಗಬಹುದು, ಬೇಡವಾದರೆ ಕಂಪನಿಯೇ ವಾಪಸು ಕೊಳ್ಳುತ್ತದೆ ಎಂದು ಮಾರುವವನು ಹೇಳಿದ್ದ. ಒಪ್ಪಂದದಲ್ಲಿ ಎರಡೂ ಇಲ್ಲ. ವರ್ಷವನ್ನು ಬಣ್ಣಗಳ ಹೆಸರಿನ ಸೀಸನ್ನುಗಳಾಗಿ ಹಂಚಿ, ಇವರಿಗೆ ಯಾರೂ ಪ್ರವಾಸ ಹೋಗದ ತಿಂಗಳುಗಳ ಬಣ್ಣ ಕೊಟ್ಟಿದ್ದರು. ಮಕ್ಕಳಿಗೆ ದಸರಾ ರಜೆ ಇದ್ದಾಗ ಕೋಣೆ ಸಿಗುವುದಿಲ್ಲ. ಹೋಗಲಿ, ಬಿಡಲಿ, ವಾರ್ಷಿಕ ನಿರ್ವಹಣಾ ಶುಲ್ಕವನ್ನು ಜಿಎಸ್‌ಟಿ ಸೇರಿಸಿ ಕಟ್ಟಲೇಬೇಕು. ಅದನ್ನು ಏರಿಸುವ ಅಧಿಕಾರ ಕಂಪನಿಯದು. ಕೊಟ್ಟ ಹಣದ ದೊಡ್ಡ ಪಾಲು ‘ಪ್ರವೇಶ ಶುಲ್ಕ’, ಮರಳಿ ಬರುವುದಿಲ್ಲ. ಬಾಯಿಮಾತಿನ ಭರವಸೆಗಳಿಗೆ ಕಂಪನಿ ಹೊಣೆಯಲ್ಲ ಎಂಬ ಸಾಲು ಕೊನೆಯ ಪುಟದಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿತ್ತು.

ಯುರೋಪಿಯನ್ ಒಕ್ಕೂಟದಲ್ಲಿ ಇಂಥ ಖರೀದಿಯಿಂದ 14 ದಿನಗಳೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಅದಕ್ಕೆ 2008ರ ನಿರ್ದೇಶನವೇ ಇದೆ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಒಪ್ಪಂದದಲ್ಲಿ ಏನು ಬರೆದಿದೆಯೋ ಅಷ್ಟೇ ಅವಧಿ. ಅಕ್ಕನ ಒಪ್ಪಂದದಲ್ಲಿ ಹತ್ತು ದಿನವಿತ್ತು. ಅವಳು ಅವಧಿಯೊಳಗೇ ಫೋನ್ ಮಾಡಿ ಬೇಡವೆಂದಳು. ‘ವೆಲ್‌ಕಮ್ ಕಿಟ್ ಬರಲಿ ಮೇಡಂ, ನೋಡಿದ ಮೇಲೆ ನಿರ್ಧರಿಸಿ’ ಎಂದು ಸಕ್ಕರೆಯಂಥ ದನಿ ಹೇಳಿತು. ಕಿಟ್ ಬಂದದ್ದು ಹನ್ನೊಂದನೆಯ ದಿನ. ಫೋನ್ ಕರೆಗೆ ಸಾಕ್ಷಿ ಇಲ್ಲ. ಆದ್ದರಿಂದ ರದ್ದತಿಯನ್ನು ಅಂದೇ ಇಮೇಲ್ ಮಾಡಿ, ಜೊತೆಗೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಕಿಟ್‌ಗಾಗಿ ಕಾಯಬೇಡಿ.

ಸಿಟ್ಟಿನಲ್ಲಿ ಇಎಂಐ ನಿಲ್ಲಿಸುವ ಮುನ್ನ ಸಾಲ ಕೊಟ್ಟವರು ಯಾರೆಂದು ನೋಡಿ. ಬೇರೆ ಹಣಕಾಸು ಸಂಸ್ಥೆಯಾಗಿದ್ದರೆ, ರೆಸಾರ್ಟ್ ಮೋಸ ಮಾಡಿತು ಎಂಬುದು ಅವರಿಗೆ ಸಂಬಂಧವಿಲ್ಲ. ಕಂತು ತಪ್ಪಿದರೆ ಮುಂದೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕ ಬೀಳುತ್ತದೆ. ಭಾವ ಬೈಯುತ್ತಲೇ ಕಂತು ಕಟ್ಟಿದರು, ಅದು ಸರಿಯೇ ಆಯಿತು.

ಅವಧಿ ಮುಗಿದವರಿಗೆ ಉಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ‘ವ್ಯಾಜ್ಯವೇನಿದ್ದರೂ ಮುಂಬೈಯಲ್ಲಿ’ ಎಂಬ ಷರತ್ತು ನೋಡಿ ಹೆದರಬೇಡಿ. ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ವ್ಯಾಜ್ಯವನ್ನು ಕೋರ್ಟಿನ ಹೊರಗೆ ಮಧ್ಯಸ್ಥಗಾರರೇ ತೀರ್ಮಾನಿಸಬೇಕೆಂಬ (ಆರ್ಬಿಟ್ರೇಶನ್) ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು ಎಂಬುದು ಮಾತ್ರ ನೆನಪಿರಲಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು, ಬಳಿಕ ವಕೀಲರ ನೋಟಿಸ್ ಹೋಯಿತು. ಆಗ ಕಂಪನಿಯವರೇ ಮಾತುಕತೆಗೆ ಬಂದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಣ ಬಂತು. ಪೂರ್ತಿ ಬರಬೇಕಿತ್ತೆಂದು ನಾನು ಈಗಲೂ ವಾದಿಸುತ್ತೇನೆ; ಅಕ್ಕನಿಗೆ ಸಾಕಾಗಿತ್ತು.

ಈ ಓಡಾಟದ ನಡುವೆ ಇನ್ನೊಂದು ಕರೆ ಬಂದಿತ್ತು. ಸದಸ್ಯತ್ವವನ್ನು ಆರು ಲಕ್ಷಕ್ಕೆ ಕೊಳ್ಳುವವರಿದ್ದಾರೆ, ವರ್ಗಾವಣೆಗೆ ಜಿಎಸ್‌ಟಿ ಮುಂಗಡ ಕಳುಹಿಸಿದರೆ ಸಾಕು ಎಂದ. ಅಕ್ಕನ ಸದಸ್ಯತ್ವ ಸಂಖ್ಯೆಯೂ ಅವನ ಬಳಿ ಇತ್ತು, ನನಗೆ ನಡುಕ ಹುಟ್ಟಿಸಿದ್ದು ಅದು. ಆ ಮುಂಗಡವನ್ನು ಆರು ಲಕ್ಷದಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡಿ ಎಂದೆ. ಕರೆ ಕಡಿತಗೊಂಡಿತು. ಇಂಥವರಿಗೆ ಈಗಾಗಲೇ ಹಣ ಕಳುಹಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.