32 ಅಂತ ತೋರಿಸುತ್ತೆ, 16 ಅಂತಲೇ ಲೆಕ್ಕ ಹಾಕಿ: ಎಸ್‌ಎಂಟಿ ಇರುವ ಸರ್ವರ್ ಬಳಸಿ ಬರೆದದ್ದು

ಶೇಕಡಾ 55. ನನಗೆ ಸಿಟ್ಟು ಬರಿಸಿದ್ದು ಈ ಒಂದು ಅಂಕಿ.

ನಮ್ಮದು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಸಣ್ಣ ಕಂಪನಿ. ಪ್ರತಿ ತಿಂಗಳು 11ನೇ ತಾರೀಖು ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ವಿವರ ಸಲ್ಲಿಸಲು ಕಡೇ ದಿನ. 10ರ ಸಂಜೆಯಿಂದಲೇ ಎಲ್ಲರೂ ಒಟ್ಟಿಗೆ ರಿಪೋರ್ಟ್ ತೆಗೆಯಲು ಮುಗಿಬೀಳುತ್ತಾರೆ. ಆಗ ಫೋನ್ ಮೇಲೆ ಫೋನ್: "ಸರ್, ಬರೀ ಸುತ್ತುತ್ತಾ ಇದೆ." ಗ್ರಾಫ್ ನೋಡಿದರೆ ಸಿಪಿಯು 55 ಪರ್ಸೆಂಟ್. ಹತ್ತಿರ ಹತ್ತಿರ ಅರ್ಧ ಖಾಲಿ ಅಂತ ತಾನೇ ಅರ್ಥ? ಖಾಲಿ ಏನೂ ಇರಲಿಲ್ಲ.

ಮಷೀನ್ ಸೆಕೆಂಡ್ ಹ್ಯಾಂಡ್. 16 ಕೋರ್ (ನಿಜವಾಗಿ ಲೆಕ್ಕ ಮಾಡುವ ಭಾಗಗಳು), 32 ಥ್ರೆಡ್. ಒಂದೊಂದು ಕೋರ್ ಎರಡೆರಡು ಕೆಲಸಗಳನ್ನು, ಅಂದರೆ ಎರಡು ಥ್ರೆಡ್‌ಗಳನ್ನು, ಒಟ್ಟಿಗೆ ನಡೆಸುವ ಈ ವ್ಯವಸ್ಥೆಗೇ ಎಸ್‌ಎಂಟಿ ಅನ್ನುತ್ತಾರೆ. ಮಾರಿದವರು "32 ಸಿಪಿಯು ಸಾರ್" ಅಂತಲೇ ಮಾರಿದರು. ಲಿನಕ್ಸ್ ಕೂಡ 32 ಅಂತಲೇ ಎಣಿಸುತ್ತದೆ. ಆದರೆ ಕೂಡುವ ಕಳೆಯುವ ಯೂನಿಟ್ಟು, ಕೋರ್‌ನ ಒಳಗಿನ ಕ್ಯಾಶ್ (ಕೈಗೆಟುಕುವ ಪುಟ್ಟ ಮೆಮೊರಿ) ಎಲ್ಲ ಎರಡೆರಡು ಥ್ರೆಡ್‌ಗೆ ಸೇರಿ ಒಂದೇ. ದರ್ಶಿನಿಯಲ್ಲಿ ಒಂದು ದೋಸೆ ಕಾವಲಿಗೆ ಇಬ್ಬರು ಭಟ್ಟರನ್ನು ನಿಲ್ಲಿಸಿದ ಹಾಗೆ. ಒಬ್ಬರು ಪಲ್ಯಕ್ಕೆ ಕಾಯುವಾಗ ಇನ್ನೊಬ್ಬರು ಹುಯ್ಯಬಹುದು. ಇಬ್ಬರ ಕೈಯಲ್ಲೂ ಹಿಟ್ಟಿದ್ದರೆ ಕಾವಲಿ ಏನೂ ದೊಡ್ಡದಾಗುವುದಿಲ್ಲ.

ಯಾವ ಕೆಲಸ ಎಲ್ಲಿ ಓಡಬೇಕು ಅಂತ ಹಂಚುವ ಲಿನಕ್ಸ್‌ನ ಶೆಡ್ಯೂಲರ್ ಜಾಣ. ಸಾಧ್ಯವಾದಷ್ಟೂ ಮೊದಲು ಖಾಲಿ ಕೋರ್‌ಗಳಿಗೇ ಕೆಲಸ ಹಂಚುತ್ತದೆ. ಹಾಗಾಗಿ ಗ್ರಾಫ್ 50 ಮುಟ್ಟುವ ಹೊತ್ತಿಗೆ 16 ಕೋರ್‌ಗೂ ಕೈತುಂಬ ಕೆಲಸ. ಮಿಕ್ಕ 50ರಲ್ಲಿ ನಮ್ಮಂಥ ಕೆಲಸಕ್ಕೆ ಸಿಗುವುದು ಹೆಚ್ಚೆಂದರೆ ಆ 16 ಕೋರ್ ಮಾಡುವ ಕೆಲಸದ ಇನ್ನೊಂದು ಕಾಲುಭಾಗ. ಇದನ್ನು ಗ್ರಾಫ್ ಹೇಳುವುದೇ ಇಲ್ಲ.

ಅದಕ್ಕೇ ಬೆಳಗ್ಗೆ ಬಂದ ತಕ್ಷಣ ಮೇಲ್ ನೋಡುವ ಮೊದಲು ಎಚ್‌ಟಾಪ್ ತೆರೆಯುತ್ತೇನೆ. ಒಂದೊಂದು ಥ್ರೆಡ್ ಎಷ್ಟು ಬಿಜಿ ಅಂತ ಪಟ್ಟಿಯಲ್ಲಿ ತೋರಿಸುವ ಪ್ರೋಗ್ರಾಂ ಅದು. ಎಡಗಡೆ 16 ಪಟ್ಟಿ, ಬಲಗಡೆ 16. ನಮ್ಮ ಮಷೀನ್‌ನಲ್ಲಿ ಒಂದೇ ಸಾಲಿನಲ್ಲಿ ಎದುರುಬದುರಾಗಿ ಬರುವ ಎರಡು ಪಟ್ಟಿಗಳು ಒಂದೇ ಕೋರ್‌ನ ಜೋಡಿ. ಎಡಗಡೆ ಹಸಿರು, ಬಲಗಡೆ ಖಾಲಿ ಇದ್ದರೆ ನೆಮ್ಮದಿ. ಎರಡೂ ಕಡೆ ಹಸಿರು ತುಂಬಿದ ಸಾಲುಗಳು ಐದಾರು ಕಂಡವೋ, ಅವತ್ತು ಫೋನ್ ಬರುತ್ತೆ ಅಂತಲೇ ಅರ್ಥ. ಸರಾಸರಿ ಪರ್ಸೆಂಟ್‌ಗಿಂತ ಈ ಜೋಡಿ ನೋಡುವುದೇ ವಾಸಿ.

ಸಿಟ್ಟಿನಲ್ಲಿ ಒಂದು ತಿಂಗಳು ಎಸ್‌ಎಂಟಿ ಆಫ್ ಮಾಡಿಯೇ ಬಿಟ್ಟೆ. ಈಗಿನ ಲಿನಕ್ಸ್‌ನಲ್ಲಿ ರೀಬೂಟ್ ಕೂಡ ಬೇಡ, ರೂಟ್ ಆಗಿ ಒಂದು ಫೈಲ್‌ಗೆ "ಆಫ್" ಅಂತ ಬರೆದರೆ ಸಾಕು. ಸಾಮಾನ್ಯ ದಿನಗಳಲ್ಲಿ ಒಂದೊಂದು ಬಿಲ್ ಚೂರು ಬೇಗ ಬಂತು. ಗ್ರಾಫ್ ಕೂಡ ನಿಜ ಹೇಳತೊಡಗಿತು. ಆದರೆ 10ನೇ ತಾರೀಖು ಬಂತು ನೋಡಿ, ರಿಪೋರ್ಟ್‌ಗಳ ಸಾಲು ಮೊದಲಿಗಿಂತ ಉದ್ದವಾಯಿತು. ರಾತ್ರಿಯ ಪಿಡಿಎಫ್ ಕೆಲಸ ಬೆಳಗಿನವರೆಗೂ ಎಳೆಯಿತು. ಡೇಟಾಬೇಸ್ ಬಹಳಷ್ಟು ಹೊತ್ತು ಮೆಮೊರಿಯಿಂದ ಡೇಟಾ ಬರಲಿ ಅಂತ ಕಾಯುತ್ತಾ ಕೂತಿರುತ್ತದೆ. ಆ ಕಾಯುವ ಸಮಯವನ್ನು ಎರಡನೇ ಥ್ರೆಡ್ ಎಷ್ಟು ಚೆನ್ನಾಗಿ ಬಳಸಿಕೊಳ್ಳುತ್ತಿತ್ತು ಅನ್ನುವುದು ಅದು ಇಲ್ಲದಾಗ ಗೊತ್ತಾಯಿತು. ಸುಮ್ನೆ ಮತ್ತೆ ಆನ್ ಮಾಡಿದೆ. ಹೆಚ್ಚಿಗೆ ಕಾಸು ಕೊಡದೆ ಸಿಗುವ ಕಾಲುಭಾಗವನ್ನು ನಮ್ಮಂಥವರು ಬಿಡೋಕಾಗಲ್ಲ.

ಸೆಕ್ಯುರಿಟಿ ಬಗ್ಗೆ ಕೇಳುವವರಿಗೆ: ಒಂದೇ ಕೋರ್ ಹಂಚಿಕೊಂಡ ಥ್ರೆಡ್‌ಗಳ ನಡುವೆ ಡೇಟಾ ಸೋರಬಹುದಾದ ಚಿಪ್ ದೋಷಗಳು, 2018ರಲ್ಲಿ ಎಲ್1ಟಿಎಫ್, 2019ರಲ್ಲಿ ಎಂಡಿಎಸ್, ಹೊರಬಂದವು. ಓಪನ್‌ಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಅಂತೂ 2018ರಲ್ಲೇ ಎಸ್‌ಎಂಟಿಯನ್ನು ಡಿಫಾಲ್ಟ್ ಆಗಿ ಆಫ್ ಮಾಡಿತು. ಗುರುತಿಲ್ಲದವರಿಗೆ ವಿಎಂ (ಒಂದೇ ಮಷೀನ್‌ನೊಳಗಿನ ವರ್ಚುವಲ್ ಮಷೀನ್) ಬಾಡಿಗೆ ಕೊಡುವವರು ಯೋಚಿಸಲಿ. ನಮ್ಮ ಮಷೀನ್‌ನಲ್ಲಿ ಓಡುವುದು ನಮ್ಮದೇ ಕೋಡ್, ಪ್ಯಾಚ್ ಹಾಕಿಕೊಂಡು ನಡೆಸುತ್ತಿದ್ದೇನೆ.

ಕ್ಲೌಡ್‌ಗೆ ಹೋಗುವವರು ಒಂದು ವಿಷಯ ಕೇಳಿಕೊಳ್ಳಿ. ಇಂಟೆಲ್ ಮಷೀನ್‌ಗಳಲ್ಲಿ ಒಂದು ವಿಸಿಪಿಯು (ಕ್ಲೌಡ್‌ನವರು ಎಣಿಸಿ ಮಾರುವ ವರ್ಚುವಲ್ ಸಿಪಿಯು) ಅಂದರೆ ಸಾಮಾನ್ಯವಾಗಿ ಒಂದು ಥ್ರೆಡ್, ಅಂದರೆ ಅರ್ಧ ಕೋರ್. ಅಮೆಜಾನ್‌ನ ಗ್ರಾವಿಟಾನ್ ಚಿಪ್‌ನಲ್ಲಿ ಎಸ್‌ಎಂಟಿ ಇಲ್ಲ, ಅಲ್ಲಿ ಒಂದು ವಿಸಿಪಿಯುಗೆ ಪೂರ್ತಿ ಕೋರ್ ಸಿಗುತ್ತದೆ. ಬರೀ ವಿಸಿಪಿಯು ಎಣಿಸಿ ಬೆಲೆ ಹೋಲಿಸಿದರೆ ಟೋಪಿ ಬೀಳುತ್ತೆ.

ಸಿಪಿಯು ಎಷ್ಟು ಪರ್ಸೆಂಟ್ ದಾಟಿದರೆ ಎಚ್ಚರಿಕೆ ಬರಬೇಕು ಅನ್ನುವ ಅಲರ್ಟ್ ಮಿತಿಯನ್ನು 80ರಿಂದ 45ಕ್ಕೆ ಇಳಿಸಿದ ಮೇಲೆ ನನ್ನ ತಲೆನೋವು ಕಡಿಮೆಯಾಗಿದೆ. ಎಸ್‌ಎಂಟಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಯಾಕೆ ಅಂದರೆ, ಇನ್ನೊಂದು ಸರ್ವರ್ ಬೇಕು ಅಂತ ಕೇಳಿದಾಗಲೆಲ್ಲ ನಮ್ಮ ಓನರ್ ಅದೇ ಗ್ರಾಫ್ ತೋರಿಸಿ, "ಇನ್ನೂ ಅರ್ಧ ಖಾಲಿ ಇದೆಯಲ್ರೀ" ಅನ್ನುತ್ತಾರೆ.