ದ್ವೇಷಾಪರಾಧ ಕಾನೂನಿನ ಆನ್‌ಲೈನ್ ಕೋರ್ಸ್: ವ್ಯಾಖ್ಯಾನ ಗಟ್ಟಿ, ಪುರಾವೆಯ ಪಾಠ ತೆಳು

ದ್ವೇಷಾಪರಾಧದ ಕಾನೂನನ್ನು ವಕೀಲರಲ್ಲದವರಿಗೂ ತಿಳಿಸಲೆಂದು ರೂಪಿಸಿರುವ ಈ ಕೋರ್ಸಿನ ಮೊದಲ ಪಾಠ ನಿಜಕ್ಕೂ ಚೆನ್ನಾಗಿದೆ. ದ್ವೇಷ ತಾನಾಗಿಯೇ ಅಪರಾಧವಲ್ಲ. ಹಲ್ಲೆ, ಬೆದರಿಕೆ, ಆಸ್ತಿನಾಶದಂತೆ ಮೊದಲೇ ಶಿಕ್ಷಾರ್ಹವಾಗಿರುವ ಕೃತ್ಯವೊಂದು ನಡೆದಿರಬೇಕು ಮತ್ತು ಜನಾಂಗ, ಧರ್ಮ, ಅಂಗವೈಕಲ್ಯ ಮುಂತಾದ ಗುರುತಿನ ಬಗೆಗಿನ ಪೂರ್ವಗ್ರಹ ಅದಕ್ಕೆ ಪ್ರೇರಣೆಯಾಗಿರಬೇಕು ಎಂಬ ಎರಡಂಶದ ವಿವರಣೆಯನ್ನು, ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆ ಬಳಸುವ ರೀತಿಯಲ್ಲಿಯೇ, ಉಪನ್ಯಾಸಕರು ಬಿಡಿಸಿ ಹೇಳುತ್ತಾರೆ. ಕೆಲವು ಕಾನೂನುಗಳು ಹಗೆತನವನ್ನು ಸಾಬೀತುಪಡಿಸಬೇಕೆಂದು ಕೇಳುತ್ತವೆ, ಇನ್ನು ಕೆಲವಕ್ಕೆ ಇಂಥ ಗುಂಪಿನವರೆಂಬ ಕಾರಣಕ್ಕೆ ಬಲಿಪಶುವನ್ನು ಆರಿಸಿಕೊಂಡಿದ್ದರೆ ಸಾಕು ಎಂಬ ವ್ಯತ್ಯಾಸವನ್ನೂ ಅವರು ಮರೆತಿಲ್ಲ.

ಅಮೆರಿಕದ ತೀರ್ಪುಗಳ ಪಾಠ ಇಡೀ ಕೋರ್ಸಿನಲ್ಲಿ ನನಗೆ ಹೆಚ್ಚು ಹಿಡಿಸಿತು. ಪ್ರಚೋದಕ ಸಂಕೇತಗಳ ಪ್ರದರ್ಶನವನ್ನೇ ದಂಡಿಸಲು ಹೊರಟಿದ್ದ ಸೇಂಟ್ ಪಾಲ್ ನಗರದ ನಿಯಮವನ್ನು 1992ರಲ್ಲಿ ರದ್ದುಗೊಳಿಸಿದ ಸುಪ್ರೀಂ ಕೋರ್ಟ್, ಮರುವರ್ಷವೇ ಬಲಿಪಶುವನ್ನು ಜನಾಂಗದ ಕಾರಣಕ್ಕೆ ಆರಿಸಿಕೊಂಡವನಿಗೆ ಹೆಚ್ಚಿನ ಶಿಕ್ಷೆ ವಿಧಿಸುವ ವಿಸ್ಕಾನ್ಸಿನ್ ಕಾನೂನನ್ನು ಒಮ್ಮತದಿಂದ ಎತ್ತಿಹಿಡಿಯಿತು. ಆ ಪ್ರಕರಣದಲ್ಲಿ ಎರಡು ವರ್ಷದ ಗರಿಷ್ಠ ಶಿಕ್ಷೆ ಏಳಕ್ಕೆ ಏರಿ, ಆರೋಪಿಗೆ ನಾಲ್ಕು ವರ್ಷ ವಿಧಿಸಲಾಗಿತ್ತು. ಮಾತಿಗೂ ಕೃತ್ಯಕ್ಕೂ ನಡುವಿನ ಗೆರೆ ಎಲ್ಲಿದೆಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಶಿಕ್ಷೆಯನ್ನು ಗರಿಷ್ಠ ಮಿತಿಯ ಆಚೆಗೆ ಒಯ್ಯುವ ಪ್ರೇರಣೆಯನ್ನು ಜ್ಯೂರಿಯ ಮುಂದೆ ಸಂಶಯಾತೀತವಾಗಿ ಸಾಬೀತುಪಡಿಸಬೇಕೆಂದ 2000ದ ಅಪ್ರೆಂಡಿ ತೀರ್ಪನ್ನು ಮಾತ್ರ ಅವಸರದಲ್ಲಿ ಮುಗಿಸಿದ್ದಾರೆ.

ನನ್ನ ದೊಡ್ಡ ಆಕ್ಷೇಪವಿರುವುದು ಇಂಗ್ಲೆಂಡಿನ ಪಾಠದ ಬಗ್ಗೆ. ಬಲಿಪಶುವಿಗೋ ಬೇರೆ ಯಾರಿಗೋ ಜನಾಂಗೀಯವೆಂದು ತೋರಿದ ಘಟನೆಯನ್ನೆಲ್ಲ ಹಾಗೆಯೇ ಪರಿಗಣಿಸಬೇಕೆಂಬ, ಕರಿಯ ಯುವಕನೊಬ್ಬನ ಕೊಲೆಯ ಪೊಲೀಸ್ ತನಿಖೆಯನ್ನು ಪರಿಶೀಲಿಸಿದ 1999ರ ಮ್ಯಾಕ್‌ಫರ್ಸನ್ ವರದಿಯಿಂದ ಬಂದ ಮಾನದಂಡ ಪೊಲೀಸರು ದೂರು ದಾಖಲಿಸಿಕೊಳ್ಳುವುದಕ್ಕೆ ಸಂಬಂಧಿಸಿದ್ದು. ಕೋರ್ಸಿನ ಪ್ರಶ್ನೋತ್ತರ ವಿಭಾಗ ಅದನ್ನೇ ಶಿಕ್ಷೆಯ ಮಾನದಂಡವೆಂದು ಒಪ್ಪಿಕೊಂಡು ಅಂಕ ಕೊಡುತ್ತದೆ! 1998ರ ಕ್ರೈಂ ಆ್ಯಂಡ್ ಡಿಸಾರ್ಡರ್ ಕಾಯ್ದೆಯ 28ನೆಯ ಸೆಕ್ಷನ್ ಪ್ರಕಾರವಾದರೋ, ಆರೋಪಿ ಕೃತ್ಯದ ಹೊತ್ತಿನಲ್ಲಿ ಅಥವಾ ಅದರ ತುಸು ಮುಂಚೆ ಇಲ್ಲವೇ ಕೂಡಲೇ ನಂತರ ಹಗೆತನ ಪ್ರದರ್ಶಿಸಿರಬೇಕು, ಇಲ್ಲವೇ ಹಗೆತನ ಭಾಗಶಃವಾದರೂ ಪ್ರೇರಣೆಯಾಗಿರಬೇಕು. ದೂರು ದಾಖಲಾದರೂ ಹೆಚ್ಚುವರಿ ಶಿಕ್ಷೆ ಏಕಾಗಲಿಲ್ಲವೆಂದು ಕೇಳುವವರಿಗೆ ಉತ್ತರ ಇಲ್ಲಿಯೇ ಇರುತ್ತದೆ. ಅದನ್ನು ಕಲಿಸಬೇಕಾದ ಕೋರ್ಸೇ ಎಡವಿರುವುದು ಬೇಸರದ ಸಂಗತಿ.

ಪುರಾವೆಯ ಪಾಠ ತೀರಾ ಚಿಕ್ಕದು. ಕೃತ್ಯದ ವೇಳೆ ಆಡಿದ ಮಾತು, ಸ್ಥಳದಲ್ಲಿ ಬಿಟ್ಟುಹೋದ ಬರಹ, ಹಿಂದಿನ ಸಂದೇಶಗಳು ಎಂದು ಹೆಸರಿಸಿ ಬಿಡುತ್ತಾರೆಯೇ ಹೊರತು, ಹಣದ ಜಗಳದ ನಡುವೆ ಬಾಯಿಗೆ ಬಂದ ಬೈಗುಳವನ್ನು ನ್ಯಾಯಾಲಯ ಹೇಗೆ ತೂಗುತ್ತದೆ ಎಂಬ ನಿಜವಾದ ಕಗ್ಗಂಟನ್ನು ಮುಟ್ಟುವುದೇ ಇಲ್ಲ.

ಪತ್ರಕರ್ತರಿಗೂ ಕಾನೂನು ಓದಲು ಆರಂಭಿಸಿದವರಿಗೂ ಈ ಕೋರ್ಸನ್ನು ಶಿಫಾರಸು ಮಾಡಬಲ್ಲೆ. ಸಂತ್ರಸ್ತರಿಗೆ ಸಲಹೆ ಕೊಡುವವರು ಮಾತ್ರ ಇದೊಂದನ್ನೇ ನಂಬಿ ಮುಂದುವರಿಯಬಾರದು. ಐದರಲ್ಲಿ ಮೂರು ಅಂಕ.