‘ಬೋನ್ ಕಂಡಕ್ಷನ್’ ಅಂತ ಡಬ್ಬಿ ಮೇಲೆ ಬರೆದಿದ್ದರೆ ನಂಬಬೇಡಿ, ಕಿವಿ ಮುಚ್ಚಿ ನೋಡಿ

ಸೈಕಲ್ ಹೊಡೆಯುವವರು, ಬೆಳಗ್ಗೆ ಎದ್ದು ಓಡುವವರು ದಯವಿಟ್ಟು ಓದಿ. ‘ಬೋನ್ ಕಂಡಕ್ಷನ್ ಹೆಡ್‌ಫೋನ್’ (ಶಬ್ದವನ್ನು ಗಾಳಿಯ ಬದಲು ಮೂಳೆಯ ಮೂಲಕ ಒಳಗೆ ಮುಟ್ಟಿಸುವಂಥದ್ದು) ಅಂತ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಮಾಲುಗಳಲ್ಲಿ ಕೆಲವು ಬೋನ್ ಕಂಡಕ್ಷನ್ನೇ ಅಲ್ಲ. ಒಳಗಿರುವುದು ಮಾಮೂಲಿ ಸಣ್ಣ ಸ್ಪೀಕರ್. ನಮ್ಮ ಮನೆಗೆ ಬಂದದ್ದು ಅಂಥದ್ದೇ. ದುಡ್ಡು ಹೋದದ್ದು ಬಿಡಿ, ಸಿಂಹಗಡ ರಸ್ತೆಯಲ್ಲಿ ಟೆಂಪೊ ಒಂದು ನನ್ನ ಮೈಮೇಲೆ ಬರುವುದು ಸ್ವಲ್ಪದರಲ್ಲಿ ತಪ್ಪಿತು. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಬರೆದರೂ ಉಪಯೋಗ ಇಲ್ಲ, ಇಂಥವರಿಗೆ ಇವತ್ತು ಒಂದು ಹೆಸರು, ನಾಳೆ ಇನ್ನೊಂದು.

ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ಊರು ಹುಬ್ಬಳ್ಳಿ. ಭಾನುವಾರ ಬೆಳಗ್ಗೆ ನಮ್ಮ ಕನ್ನಡದವರ ಸಣ್ಣ ಗುಂಪೊಂದು ಸೈಕಲ್ ಹಿಡಿದು ಖಡಕ್‌ವಾಸಲಾ ಕಡೆ ಹೊರಡುತ್ತದೆ. ಬೆಳಗಾವಿಯವರು, ವಿಜಯಪುರದವರು, ಒಬ್ಬರು ಕಾರವಾರದವರು. ಕಾಲಲ್ಲಿ ಕಸುವಿದ್ದವರು ಡೋಣಜೆ ದಾಟಿ ಸಿಂಹಗಡದ ಘಾಟಿ ಹತ್ತುತ್ತಾರೆ. ಉಳಿದವರು ಡ್ಯಾಮ್ ಹತ್ತಿರ ಕಾಂದಾ ಭಜಿ ತಿಂದು ವಾಪಸ್. ನಾನು ಯಾವ ಗುಂಪು ಅಂತ ಕೇಳಬೇಡಿ.

ದಾರಿಯಲ್ಲಿ ಏನಾದರೂ ಕೇಳುತ್ತಾ ಹೋಗುವ ಅಭ್ಯಾಸ ನನಗೆ. ಕಿವಿಯೊಳಗೆ ತುರುಕುವ ಇಯರ್‌ಬಡ್ ಹಾಕಿಕೊಂಡು ರಸ್ತೆಗೆ ಇಳಿಯಬೇಡಿ ಅಂತ ಮನೆಯಾಕೆ ಮೊದಲಿಂದ ಹೇಳುತ್ತಿದ್ದಳು. ಅವಳೇ ಹುಡುಕಿ ಇದನ್ನು ತರಿಸಿದಳು. ಎಮ್‌ಆರ್‌ಪಿ 7,999 ಅಂತ ಬರೆದು, ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ 1,799. ಪುಟದಲ್ಲಿ ದೊಡ್ಡ ದೊಡ್ಡ ಮಾತು. ಶಬ್ದ ಕೆನ್ನೆಯ ಮೂಳೆಯಿಂದ ಒಳಗೆ ಹೋಗುತ್ತದೆ, ಕಿವಿ ಪೂರ್ತಿ ತೆರೆದಿರುತ್ತದೆ, ಕಿವಿಗೆ ಒಂದಿಷ್ಟೂ ಹಾನಿ ಇಲ್ಲ, ನೂರಕ್ಕೆ ನೂರು ವಾಟರ್‌ಪ್ರೂಫ್. ಹೆಲ್ಮೆಟ್ ಹಾಕಿದ ಸೈಕಲ್ ಸವಾರನ ಫೋಟೊ ಬೇರೆ.

ಮನೆಯಲ್ಲಿ ಹಾಕಿಕೊಂಡು ನೋಡಿದಾಗ ಚೆನ್ನಾಗಿಯೇ ಇತ್ತು. ರಸ್ತೆಗೆ ಇಳಿದ ಮೇಲೆ ಬಣ್ಣ ಬಯಲಾಯಿತು. ಸೈಕಲ್ ಸ್ವಲ್ಪ ವೇಗ ಹಿಡಿದರೆ ಕಿವಿಯ ಪಕ್ಕ ಗಾಳಿ ಗುಂಯ್ ಅನ್ನುತ್ತದೆ. ಅದರ ಮೇಲೆ ಸಿಂಹಗಡ ರಸ್ತೆಯ ಟ್ರಾಫಿಕ್. ನಾನು ಕೇಳುತ್ತಿದ್ದದ್ದು ಹಾಡಲ್ಲ, ಮಾತು. ನಾಲ್ಕು ಮಾತಿಗೆ ಒಂದು ಮಾತ್ರ ಕೇಳಿಸುತ್ತಿತ್ತು. ವಾಲ್ಯೂಮ್ ಏರಿಸುತ್ತಾ ಹೋದರೆ ಕೊನೆಗೆ ಫುಲ್‌ನಲ್ಲಿ ನಿಲ್ಲುತ್ತಿತ್ತು.

ಕಿರಕಟ್‌ವಾಡಿ ಫಾಟಾ ದಾಟಿದ ಮೇಲೆ ರಸ್ತೆಯಲ್ಲಿ ಒಂದು ಗುಂಡಿ. ಅದನ್ನು ತಪ್ಪಿಸಲು ನಾನು ಬಲಕ್ಕೆ ಸರಿದೆ. ಹಿಂದೆ ಇದ್ದ ಬೆಳಗಾವಿಯವರು ಕೂಗಿದರಂತೆ, ‘ಎಡಕ್ಕ ಬರ್ರೀ, ಗಾಡಿ ಬಂತ್ರೀ!’ ನನಗೆ ಕೇಳಿಸಲೇ ಇಲ್ಲ. ತರಕಾರಿ ತುಂಬಿದ ಟೆಂಪೊ ಕೈಗೆ ತಾಗುವಷ್ಟು ಹತ್ತಿರದಿಂದ ಹೋಯಿತು. ಅದರ ಕನ್ನಡಿ ಹ್ಯಾಂಡಲ್‌ಗೆ ಸವರಿತು, ಸೈಕಲ್ ಅಲ್ಲಾಡಿತು, ಬೀಳಲಿಲ್ಲ ಅಷ್ಟೇ. ‘ಎಷ್ಟ ಒದರಿದ್ನ್ರೀ, ಕಿವಿ ತೆರದs ಅದಾವಲ್ಲ ನಿಮ್ಮವು!’ ಅಂದರು ಅವರು. ಅವರ ಕೈ ನನಗಿಂತ ಜಾಸ್ತಿ ನಡುಗುತ್ತಿತ್ತು.

ಕಿವಿ ತೆರೆದೇ ಇತ್ತು, ನಿಜ. ಆದರೆ ಕಿವಿಯ ಬಾಯಲ್ಲೇ ಒಂದು ಸ್ಪೀಕರ್ ಗಂಟಲು ಹರಿದುಕೊಳ್ಳುತ್ತಿದ್ದರೆ ಹಿಂದಿನವರ ಕೂಗು ಅದರಲ್ಲಿ ಮುಳುಗಿಹೋಗುತ್ತದೆ. ಕಿವಿ ಮುಚ್ಚಿದರೆ ಆಗುವುದೂ ಅದೇ ಅಲ್ವಾ?

ಇದರ ಗುಟ್ಟು ಬಿಚ್ಚಿಟ್ಟವಳು ನಮ್ಮ ಸೊಸೈಟಿಯಲ್ಲೇ ಇರುವ ಮೈಸೂರಿನ ಹುಡುಗಿ. ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲಿ ಓದಿದವಳು, ಇಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷಿಸುವ ತಜ್ಞೆ. ಸಂಜೆ ಕೆಳಗೆ ಬೆಂಚಿನ ಮೇಲೆ ಕೂತು ಟೆಂಪೊ ಕತೆ ಹೇಳುತ್ತಿದ್ದೆ. ಹೆಡ್‌ಫೋನ್ ಇಸಿದುಕೊಂಡು ತಿರುಗಿಸಿ ನೋಡಿದಳು.

‘ಅಂಕಲ್, ಹಾಡು ಹಾಕಿ ಹಾಕ್ಕೊಳ್ಳಿ. ವಾಲ್ಯೂಮ್ ಮಧ್ಯದಲ್ಲಿರಲಿ. ಈಗ ಎರಡೂ ಕಿವಿ ಮುಚ್ಕೊಳ್ಳಿ. ಜೋರಾಯ್ತಾ, ಕಮ್ಮಿ ಆಯ್ತಾ?’

‘ಕಮ್ಮಿ ಆಯ್ತಮ್ಮ. ಹೆಚ್ಚುಕಮ್ಮಿ ನಿಂತೇ ಹೋಯ್ತು.’

‘ಹಾಗಾದ್ರೆ ಇದು ಬೋನ್ ಕಂಡಕ್ಷನ್ ಅಲ್ಲ.’

ಮೇಲೆ ಹೋಗಿ ತನ್ನದನ್ನು ತಂದಳು. ಓಡುವಾಗ ಅವಳು ಹಾಕಿಕೊಳ್ಳುವ ಅಸಲಿ ಮಾಲು. ಕಿವಿಯ ಮುಂದೆ, ಕೆನ್ನೆಯ ಮೂಳೆ ಮೇಲೆ ಅದರ ಗುಂಡಿಗಳು, ಅಂದರೆ ಶಬ್ದ ಕೊಡುವ ಎರಡು ತುದಿಗಳು, ಕೂತವು. ಹಾಡಿನ ತಾಳಕ್ಕೆ ಚರ್ಮದ ಮೇಲೆ ಸಣ್ಣಗೆ ಕಚಗುಳಿ. ಕಿವಿ ಮುಚ್ಚಿಕೊಂಡೆ. ಹಾಡು ಕಮ್ಮಿ ಆಗಲಿಲ್ಲ, ಜಾಸ್ತಿಯೇ ಆಯಿತು. ಅಲ್ಲಿಯವರೆಗೆ ಕೇಳಿಸದೇ ಇದ್ದ ಮೃದಂಗದ ಎಡಗಡೆಯ ಗುಂಕಾರ ತಲೆಯೊಳಗೆ ತುಂಬಿಕೊಂಡಿತು. ಆಮೇಲೆ ಅವಳು ಹೇಳಿದಂತೆ ಗುಂಡಿಯನ್ನು ಚರ್ಮದಿಂದ ಒಂದು ಬೆರಳಿನಷ್ಟು ದೂರ ಎತ್ತಿ ಹಿಡಿದೆ. ಹಾಡು ತೆಳ್ಳಗಾಗಿ, ಬರೀ ಕಿರಿಕಿರಿ ಸದ್ದು ಉಳಿಯಿತು. ನಮ್ಮದನ್ನು ಹಾಗೇ ಎತ್ತಿ ಹಿಡಿದರೆ ಒಂದಿಷ್ಟೂ ವ್ಯತ್ಯಾಸ ಇಲ್ಲ. ಇರುವುದಾದರೂ ಹೇಗೆ, ಅದು ಮೂಳೆಯನ್ನು ನಂಬಿಕೊಂಡಿರಲೇ ಇಲ್ಲ.

ಇದು ಯಾಕೆ ಹೀಗೆ ಅಂತ ಅವಳು ವಿವರಿಸಿದ್ದು ಇಷ್ಟು. ಅಸಲಿ ಬೋನ್ ಕಂಡಕ್ಷನ್‌ನಲ್ಲಿ ಗುಂಡಿ ನಡುಗುತ್ತದೆ, ಆ ನಡುಕ ತಲೆಬುರುಡೆಯ ಮೂಳೆಯಿಂದ ಸೀದಾ ಒಳಕಿವಿಗೆ ಮುಟ್ಟುತ್ತದೆ. ದಾರಿಯಲ್ಲಿ ಕಿವಿಯ ಕೊಳವೆಯ ಗೋಡೆಯೂ ನಡುಗುತ್ತದೆ. ಕಿವಿ ತೆರೆದಿದ್ದರೆ ಅಲ್ಲಿ ಹುಟ್ಟಿದ ಶಬ್ದದ ಒಂದಿಷ್ಟು ಹೊರಗೆ ಹೋಗುತ್ತದೆ. ಮುಚ್ಚಿದರೆ ಹೋಗಲು ಜಾಗ ಇಲ್ಲ, ಅದಕ್ಕೇ ಜೋರು. ಇದನ್ನು ಆಕ್ಲೂಷನ್ ಎಫೆಕ್ಟ್ ಅನ್ನುತ್ತಾರೆ. ಹೆಡ್‌ಫೋನ್ ಇಲ್ಲದೆಯೂ ನೋಡಬಹುದು. ಬಾಯಿ ಮುಚ್ಚಿ ‘ಮ್‌ಮ್‌’ ಅನ್ನಿ, ಹಾಗೇ ಕಿವಿ ಮುಚ್ಚಿಕೊಳ್ಳಿ. ನಿಮ್ಮ ದನಿ ತಟ್ಟನೆ ದಪ್ಪಗಾಗುತ್ತದೆ. ಮಾಮೂಲಿ ಸ್ಪೀಕರ್ ಆದರೆ ಗಾಳಿಯ ಮೂಲಕವೇ ಶಬ್ದ ಬರಬೇಕು. ಕಿವಿ ಮುಚ್ಚಿದರೆ ಅದರ ಕತೆ ಮುಗಿಯಿತು.

ಮುಚ್ಚುವಾಗ ಒಂದು ವಿಷಯ ನೋಡಿಕೊಳ್ಳಿ. ಬೆರಳು ಗುಂಡಿಗೆ ತಾಗಿ ಅದು ಜಾಗ ಬಿಟ್ಟರೆ ಅಸಲಿ ಮಾಲೂ ನಕಲಿಯಂತೆ ಕಾಣಬಹುದು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿಕೊಂಡು ನೋಡಿದರೆ ಅನುಮಾನಕ್ಕೆ ಜಾಗವಿಲ್ಲ. ಗುಂಡಿಯಲ್ಲಿ ಜಾಲರಿ ಇದೆಯಾ ಇಲ್ಲವಾ ಅಂತ ನೋಡಿ ತೀರ್ಮಾನ ಮಾಡಬೇಡಿ. ಅಸಲಿಯವುಗಳಲ್ಲೂ ಕೆಲವಕ್ಕೆ ಸಣ್ಣ ತೂತುಗಳಿರುತ್ತವೆ, ಬೇಸ್‌ಗೆ ಅಂತ ಮಾಮೂಲಿ ಸ್ಪೀಕರನ್ನೂ ಸೇರಿಸಿದ ಮಾಡೆಲ್‌ಗಳೂ ಇವೆ.

ಗಾಳಿಯ ಮೂಲಕ ಶಬ್ದ ಕೊಡುವ ಓಪನ್ ಇಯರ್ ಹೆಡ್‌ಫೋನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಿವಿಗೆ ನೇತುಹಾಕುವಂಥವು, ಕ್ಲಿಪ್‌ನಂತೆ ಕಚ್ಚಿಕೊಳ್ಳುವಂಥವು ಈಗ ಬೇಕಾದಷ್ಟು ಬಂದಿವೆ. ಅವುಗಳಲ್ಲಿ ಒಳ್ಳೆಯವು ಖಂಡಿತ ಇವೆ, ಹಾಡಿಗೆ ಅವೇ ವಾಸಿ. ಬೋನ್ ಕಂಡಕ್ಷನ್‌ನಲ್ಲಿ ಬೇಸ್ ಕಮ್ಮಿ, ಜೋರು ಮಾಡಿದರೆ ಕೆನ್ನೆ ಜುಮ್ ಅನ್ನುತ್ತದೆ. ಕುತ್ತಿಗೆ ಹಿಂದಿನ ಬ್ಯಾಂಡ್ ಹೆಲ್ಮೆಟ್‌ಗೋ ರೇನ್‌ಕೋಟ್ ಕಾಲರ್‌ಗೋ ತಾಗಿ ಗುಂಡಿ ಜಾರುತ್ತದೆ. ಯಾವುದು ಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು. ಆದರೆ ಒಂದರ ಹೆಸರು ಹೇಳಿ ಇನ್ನೊಂದನ್ನು ಕೊಡುವುದು ಮೋಸ.

‘ಕಿವಿಗೆ ಹಾನಿ ಇಲ್ಲ’ ಅನ್ನುವ ಮಾತಿಗಂತೂ ಆ ಹುಡುಗಿಗೆ ಸಿಟ್ಟೇ ಬಂತು. ಮೂಳೆಯಿಂದ ಬರಲಿ, ಗಾಳಿಯಿಂದ ಬರಲಿ, ಶಬ್ದ ಕೊನೆಗೆ ಸೇರುವುದು ಅದೇ ಒಳಕಿವಿಗೆ. ಜೋರು ಶಬ್ದಕ್ಕೆ ಕೆಡುವುದು ಅಲ್ಲಿನ ಸೂಕ್ಷ್ಮ ಕೂದಲಿನ ಕೋಶಗಳು. ಕೆಟ್ಟರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ಟ್ರಾಫಿಕ್ ಸದ್ದನ್ನು ಮೀರಿ ಕೇಳಿಸಬೇಕು ಅಂತ ಏರಿಸುತ್ತಾ ಹೋದರೆ ಆ 90 ದೂರವೇನಿಲ್ಲ. ಅಸಲಿ ಮಾಲು ಹಾಕಿದವರಿಗೂ ಇದು ತಪ್ಪಿದ್ದಲ್ಲ. ಗದ್ದಲದ ರಸ್ತೆಯಲ್ಲಿ ಕೇಳಿಸುತ್ತಿಲ್ಲ ಅನ್ನಿಸಿದರೆ ಆಫ್ ಮಾಡುವುದೇ ಸರಿ, ಏರಿಸುವುದಲ್ಲ.

ಇನ್ನು ವಾಟರ್‌ಪ್ರೂಫ್ ಪುರಾಣ. ಡಬ್ಬಿ ಮೇಲೆ ಐಪಿಎಕ್ಸ್8 ಅಂತ ಇತ್ತು. ದೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಆ ಗುರುತಿನಲ್ಲಿ ‘ಐಪಿ’ ಆದ ಮೇಲೆ ಬರುವ ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ಎಕ್ಸ್ ಅಂದರೆ ದೂಳಿನ ಬಗ್ಗೆ ಏನೂ ಹೇಳಿಲ್ಲ ಅಂತ ಅರ್ಥ. 4 ಅಂದರೆ ಸಿಡಿಯುವ ಹನಿ, 5 ಅಂದರೆ ಪೈಪಿನ ನೀರು, 7 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. 8 ಅದಕ್ಕೂ ಕಠಿಣ, ಎಷ್ಟು ಆಳ, ಎಷ್ಟು ಹೊತ್ತು ಅಂತ ಕಂಪನಿಯವರೇ ಹೇಳಬೇಕು. ನಮ್ಮ ಡಬ್ಬಿಯಲ್ಲಿ ಹೇಳಿರಲಿಲ್ಲ. ಮುಖ್ಯವಾದ ವಿಷಯ ಬೇರೆಯೇ ಇದೆ. ಈ ಪರೀಕ್ಷೆ ಮಾಡುವುದು ಸಿಹಿ ನೀರಿನಲ್ಲಿ, ಬೆವರಿನಲ್ಲಲ್ಲ. ಬೆವರಿನಲ್ಲಿ ಉಪ್ಪಿದೆ. ಚಾರ್ಜಿಂಗ್ ಪಿನ್ ಒದ್ದೆ ಇರುವಾಗ ಕರೆಂಟ್ ಕೊಟ್ಟರೆ ಲೋಹ ಬಲುಬೇಗ ತಿಂದುಹೋಗುತ್ತದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಮ್ಮದು ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಸಣ್ಣ ಪಿನ್‌ಗಳ ಸುತ್ತ ಹಸಿರು ಕಿಲುಬು, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಒಂದು ಪಿನ್ ಅರ್ಧ ಸವೆದಿತ್ತು. ಸರ್ವಿಸ್ ಸೆಂಟರ್ ಅಂತ ಕೊಟ್ಟಿದ್ದು ಬರೀ ಒಂದು ವಾಟ್ಸಾಪ್ ನಂಬರ್. ಫೋಟೊ ಕಳಿಸಿದೆವು. ಬಂದ ಉತ್ತರ: ‘ಲಿಕ್ವಿಡ್ ಡ್ಯಾಮೇಜ್, ವಾರಂಟಿ ಬರುವುದಿಲ್ಲ.’ ವಾರಂಟಿ ಚೀಟಿ ತೆಗೆದು ನೋಡಿದರೆ ಇರುವೆ ಗಾತ್ರದ ಅಕ್ಷರದಲ್ಲಿ ನಿಜವಾಗಿಯೂ ಹಾಗೇ ಇದೆ. ಡಬ್ಬಿಯ ಮುಂದೆ ನೂರಕ್ಕೆ ನೂರು ವಾಟರ್‌ಪ್ರೂಫ್, ಒಳಗೆ ನೀರು ತಾಗಿದರೆ ವಾರಂಟಿ ಇಲ್ಲ. ಕೊಳ್ಳುವ ಮೊದಲು ವಾರಂಟಿ ಷರತ್ತು ಓದಲು ಸಿಗದಿದ್ದರೆ ಆ ಮಾಲು ಬಿಟ್ಟುಬಿಡಿ. ಯಾವ ಕಂಪನಿಯದೇ ಇರಲಿ, ಓಡಿ ಬಂದ ಮೇಲೆ ಸಿಹಿ ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಚಾರ್ಜ್‌ಗೆ ಹಾಕಿ.

ಮಾರಿದವರಿಗೆ ಬರೆದೆವು. ‘ರಿಟರ್ನ್ ಸಮಯ ಮುಗಿದಿದೆ’ ಅಂದರು. ಬೋನ್ ಕಂಡಕ್ಷನ್ ಅಲ್ಲ ಅಂದಿದ್ದಕ್ಕೆ ‘ನಾವು ಹಾಗೆ ಹೇಳಿಯೇ ಇಲ್ಲ’ ಅಂದರು! ಪುಟ ತೆರೆದು ನೋಡಿದರೆ ಹೌದು, ಅಷ್ಟರಲ್ಲಿ ‘ಏರ್ ಕಂಡಕ್ಷನ್’ ಅಂತ ತಿದ್ದಿ ಕೂತಿದ್ದಾರೆ. ಆದರೆ ಮನೆಯಾಕೆ ಕೊಳ್ಳುವಾಗಲೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಹುಬ್ಬಳ್ಳಿಯ ತಂಗಿಗೆ ಕಳಿಸಿದ್ದಳು, ‘ನಿಮ್ಮ ಮನೆಯವರಿಗೂ ಒಂದು ತರಿಸ್ತೀಯೇನು ನೋಡು’ ಅಂತ. ತಂಗಿ ತರಿಸಲಿಲ್ಲ, ಪುಣ್ಯಕ್ಕೆ ಆ ಮೆಸೇಜನ್ನು ಅಳಿಸಿರಲೂ ಇಲ್ಲ. ತಾರೀಖಿನ ಸಮೇತ ಸಿಕ್ಕಿತು.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಅಲ್ಲಿ 17 ಭಾಷೆಗಳಲ್ಲಿ ದೂರು ಕೊಡಬಹುದು, ಕನ್ನಡವೂ ಇದೆ. ಪುಣೆಯಲ್ಲಿ ಕೂತು ಕನ್ನಡದಲ್ಲೇ ಹೇಳಿದೆ. ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮಗಳಿವೆ. ಅದರ ಪ್ರಕಾರ ಮಾರಾಟದ ತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕದ ವಿವರ ಇರಲೇಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ಉತ್ತರ ಕೊಡಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬರೀ ‘ಕಸ್ಟಮರ್ ಕೇರ್’ ಚಾಟ್‌ನಲ್ಲಿ ಜಗಳ ಆಡುತ್ತಾ ಕೂತರೆ ದಿನ ಹೋಗುತ್ತದೆ ಅಷ್ಟೇ. ಆ ಅಧಿಕಾರಿಗೆ ಸ್ಕ್ರೀನ್‌ಶಾಟ್ ಸಮೇತ ಇಮೇಲ್ ಹಾಕಿದ ಮೇಲೆ ಮೊದಲು ಒಂದು ಕೂಪನ್ ಕೊಡುತ್ತೇವೆ ಅಂದರು. ಬೇಡ ಅಂದೆ. ಕೊನೆಗೆ ದುಡ್ಡು ವಾಪಸ್ ಬಂತು, ಆದರೆ ‘ಪ್ಲಾಟ್‌ಫಾರ್ಮ್ ಫೀ’ ಅಂತ ಒಂದಿಷ್ಟು ಮುರಿದುಕೊಂಡರು. ಅದರ ಹಿಂದೆ ಬೀಳಲು ನನಗೆ ತಾಳ್ಮೆ ಇರಲಿಲ್ಲ.

ಡಬ್ಬಿ ಕೈಗೆ ಬಂದ ಕೂಡಲೇ ನೋಡಬೇಕಾದ್ದು ಇನ್ನೂ ಒಂದಿದೆ. ವೈರ್‌ಲೆಸ್ ಹೆಡ್‌ಫೋನ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ‘ಆರ್-’ ಅಂತ ಶುರುವಾಗಿ ಎಂಟು ಅಂಕಿ ಇರುವ ನಂಬರ್ ಡಬ್ಬಿ ಮೇಲೋ ಮಾಲಿನ ಮೇಲೋ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಬರುತ್ತದೆ. ಹೊರದೇಶದಿಂದ ತರಿಸಿದ್ದಾದರೆ ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದ್ದು ಅನ್ನುವುದೂ ಬರೆದಿರಬೇಕು. ನಮ್ಮ ಡಬ್ಬಿಯಲ್ಲಿ ಇವು ಯಾವುದೂ ಇರಲಿಲ್ಲ, ಸವಾರನ ಫೋಟೊ ಮಾತ್ರ ಬಲು ಚೆನ್ನಾಗಿತ್ತು.

ಇತ್ತೀಚೆಗೆ ಇಂಥದ್ದು ತರಿಸಿ, ರಿಟರ್ನ್ ಮಾಡಲು ಇನ್ನೂ ಸಮಯ ಇರುವವರು ಇವತ್ತೇ ಕಿವಿ ಮುಚ್ಚಿ ನೋಡಿ. ನಕಲಿ ಅನ್ನಿಸಿದರೆ ವಿಡಿಯೊ ಮಾಡಿ. ನಿಮ್ಮ ಕಿವಿಗೆ ಏನು ಕೇಳಿಸಿತು ಅಂತ ವಿಡಿಯೊದಲ್ಲಿ ಗೊತ್ತಾಗುವುದಿಲ್ಲ, ಹಾಗಾಗಿ ಹೆಡ್‌ಫೋನನ್ನು ಯಾವುದಕ್ಕೂ ತಾಗಿಸದೆ ಗಾಳಿಯಲ್ಲಿ ಎತ್ತಿ ಹಿಡಿದು ಹಾಡು ಹಾಕಿ, ಫೋನ್ ಮೈಕ್ ಹತ್ತಿರ ತನ್ನಿ. ಮಾತು, ಬೇಸ್ ಎಲ್ಲ ತುಂಬಿಕೊಂಡು ಕೇಳಿಸಿದರೆ ಅದು ಸ್ಪೀಕರ್ ಅನ್ನುವುದಕ್ಕೆ ಒಂದು ಆಧಾರ ಆಗುತ್ತದೆ. ಅದೇ ವಿಡಿಯೊದಲ್ಲಿ ಡಬ್ಬಿ ಮೇಲಿನ ಹೆಸರು, ಬಿಲ್ ಕಾಣಲಿ. ಮಾರಾಟದ ಪುಟದ ಸ್ಕ್ರೀನ್‌ಶಾಟ್ ಅದಕ್ಕೂ ಮೊದಲು ತೆಗೆದಿಟ್ಟುಕೊಳ್ಳಿ, ದೂರು ಕೊಟ್ಟ ಮೇಲೆ ಆ ಪುಟ ಹಾಗೇ ಇರುತ್ತದೆ ಅಂತ ನಂಬಬೇಡಿ.